ಪುತ್ತೂರು 2023: ಲಕ್ಷ ವೋಟು ಬಿದ್ದರೂ ಸೀಟು ಹೋದ ಲೆಕ್ಕ

ಮೊದಲು ಮೂರು ಸಂಖ್ಯೆ. 66,607. 62,458. 37,558.

2023ರ ಮೇ 13ರಂದು ಪುತ್ತೂರು ವಿಧಾನಸಭಾ ಕ್ಷೇತ್ರದ ಎಣಿಕೆ ಮುಗಿದಾಗ ಸಿಕ್ಕಿದ ಲೆಕ್ಕ ಇದು. ಮೊದಲನೆಯದು ಗೆದ್ದ ಕಾಂಗ್ರೆಸ್ಸಿನ ಅಶೋಕ್ ಕುಮಾರ್ ರೈ ಅವರದ್ದು. ಎರಡನೆಯದು ಪಕ್ಷೇತರ ಅರುಣ್ ಕುಮಾರ್ ಪುತ್ತಿಲ ಅವರದ್ದು. ಮೂರನೆಯದು ಬಿಜೆಪಿಯ ಆಶಾ ತಿಮ್ಮಪ್ಪ ಅವರದ್ದು. ಹೌದು, ಪುತ್ತೂರಿನಲ್ಲಿ ಬಿಜೆಪಿಗೆ ಮೂರನೇ ಸ್ಥಾನ. ಸದಾನಂದ ಗೌಡರು 1994ರಲ್ಲಿ ಮತ್ತು 1999ರಲ್ಲಿ ಗೆದ್ದ ಕ್ಷೇತ್ರ ಇದು, ಸಂಘದ ಶಾಖೆಗಳು ಊರೂರಿಗೆ ಇರುವ ತಾಲೂಕು ಇದು.

ಈಗ ಎರಡನೆಯದನ್ನೂ ಮೂರನೆಯದನ್ನೂ ಕೂಡಿಸಿ ನೋಡಿ. 1,00,016 ಆಗುತ್ತದೆ. 2018ರಲ್ಲಿ ಇದೇ ಕ್ಷೇತ್ರದಲ್ಲಿ ಬಿಜೆಪಿಯ ಸಂಜೀವ ಮಠಂದೂರು ಗೆದ್ದಾಗ ಅವರಿಗೆ ಬಂದದ್ದು 90,073. ಸೋತ ಕಾಂಗ್ರೆಸ್ಸಿಗೆ ಆಗ ಬಂದದ್ದು 70,596. ಅಂದರೆ ಐದು ವರ್ಷದ ನಂತರ ಕಾಂಗ್ರೆಸ್ಸಿನ ವೋಟು ಸುಮಾರು 4 ಸಾವಿರ ಕಡಿಮೆ ಆಗಿದೆ, ಹಾಗಿದ್ದೂ ಗೆದ್ದಿದೆ. ಸೋತಾಗ ಬಂದಷ್ಟು ವೋಟು ಗೆದ್ದಾಗ ಬರಲಿಲ್ಲ!

ಆ ಮೇ ತಿಂಗಳಲ್ಲಿ ಟಿವಿಯಲ್ಲಿ ಕೂತವರು ಕರ್ನಾಟಕದಲ್ಲಿ ಹಿಂದುತ್ವ ಸೋತಿತು ಎಂದು ಹೇಳುತ್ತಿದ್ದರು. ರಾಜ್ಯದ ಮಟ್ಟಿಗೆ ಅದು ಎಷ್ಟು ಸರಿಯೋ, ಬಿಜೆಪಿ 66ಕ್ಕೆ ಇಳಿದು ಕಾಂಗ್ರೆಸ್ 135 ತೆಗೆದುಕೊಂಡದ್ದಂತೂ ನಿಜ. ಆದರೆ ಪುತ್ತೂರಿಗೆ ಆ ಮಾತು ಹೊಂದುವುದೇ ಇಲ್ಲ. ಇಲ್ಲಿ ಯಾರೂ ವಿಚಾರ ಬಿಟ್ಟು ಹೋಗಲಿಲ್ಲ. ಪಕ್ಷ ಬಿಟ್ಟು ಹೋದರು. ಎರಡೂ ಒಂದೇ ಅಲ್ಲ ಅಲ್ವಾ.

ಹಾಗಾದರೆ ಯಾಕೆ? ನನಗೆ ತೋಚುವ ಉತ್ತರ ಇಷ್ಟೆ. ಮತದಾರನ ಕೈಗೆ ಪಕ್ಷವೇ ಅಳೆಯಲು ಒಂದು ಸೇರು ಕೊಟ್ಟಿತ್ತು, ಹಿಂದುತ್ವದ ಸೇರು. ಟಿಕೆಟ್ ಕೊಡುವಾಗ ಮಾತ್ರ ತಾನು ಬೇರೆ ಸೇರಿನಲ್ಲಿ ಅಳೆಯಿತು. ಜನ ಹಳೇ ಸೇರು ಕೈಬಿಡಲಿಲ್ಲ.

ಕಟೀಲ್ ಕಾರು ಅಲ್ಲಾಡಿದ ದಿನ

ಕಥೆ ಟಿಕೆಟಿನಿಂದ ಶುರುವಾಗುವುದಿಲ್ಲ. 2022ರ ಜುಲೈ 26ರ ರಾತ್ರಿ, ಪಕ್ಕದ ಸುಳ್ಯ ತಾಲೂಕಿನ ಬೆಳ್ಳಾರೆಯಲ್ಲಿ ಪ್ರವೀಣ್ ನೆಟ್ಟಾರು ಅವರನ್ನು ಕಡಿದು ಕೊಂದರು. ಕೋಳಿ ಅಂಗಡಿ ಇಟ್ಟುಕೊಂಡಿದ್ದವರು, ಬಿಜೆಪಿ ಯುವ ಮೋರ್ಚಾದ ಕಾರ್ಯಕರ್ತ. ರಾಜ್ಯದಲ್ಲಿ ಬಿಜೆಪಿ ಸರ್ಕಾರ, ಕೇಂದ್ರದಲ್ಲಿ ಬಿಜೆಪಿ ಸರ್ಕಾರ, ಶಾಸಕರು ಬಿಜೆಪಿ, ಸಂಸದ ನಳಿನ್ ಕುಮಾರ್ ಕಟೀಲ್ ಬಿಜೆಪಿಯ ರಾಜ್ಯಾಧ್ಯಕ್ಷರೇ. ಮರುದಿನ ಕಟೀಲ್ ಬೆಳ್ಳಾರೆಗೆ ಬಂದಾಗ ಅವರ ಕಾರನ್ನು ಮುತ್ತಿ ಅಲ್ಲಾಡಿಸಿದವರು ಕಾಂಗ್ರೆಸ್ಸಿನವರಲ್ಲ, ಅವರದ್ದೇ ಕಾರ್ಯಕರ್ತರು. ಸರ್ಕಾರದ ಮೊದಲ ವರ್ಷದ ಸಂಭ್ರಮಕ್ಕೆ ದೊಡ್ಡಬಳ್ಳಾಪುರದಲ್ಲಿ ಜನೋತ್ಸವ ಅಂತ ತಯಾರಿ ನಡೆದಿತ್ತು. ಮುಖ್ಯಮಂತ್ರಿ ಬೊಮ್ಮಾಯಿ ನಡುರಾತ್ರಿ ಪತ್ರಿಕಾಗೋಷ್ಠಿ ಕರೆದು ಅದನ್ನು ರದ್ದು ಮಾಡಬೇಕಾಯಿತು. ಯುವ ಮೋರ್ಚಾದವರು ಸಾಲು ಸಾಲಾಗಿ ರಾಜೀನಾಮೆ ಕೊಟ್ಟರು.

ಇಲ್ಲಿ ಒಂದು ಮಾತು ಹೇಳಬೇಕು. ಕರಾವಳಿಯ ಕಾರ್ಯಕರ್ತನ ಸಿಟ್ಟು ಬೇರೆ ಕಡೆಯ ಹಾಗೆ ಗುತ್ತಿಗೆ ಸಿಗಲಿಲ್ಲ, ನಿಗಮ ಮಂಡಳಿ ಸಿಗಲಿಲ್ಲ ಅನ್ನುವ ಸಿಟ್ಟಲ್ಲ. ಅಂಥದ್ದೂ ಇರುತ್ತದೆ, ಇಲ್ಲ ಅಂತಲ್ಲ. ಆದರೆ ಅವನು ಹೇಳುವುದು ಬೇರೆ. ಬ್ಯಾನರ್ ಕಟ್ಟುವುದು ನಾವು, ಕೇಸು ಹಾಕಿಸಿಕೊಳ್ಳುವುದು ನಾವು, ಕೋರ್ಟಿಗೆ ಅಲೆಯುವುದು ನಾವು, ಸಾಯುವುದೂ ನಾವೇ, ಗೆದ್ದ ಮೇಲೆ ಫೋನ್ ಎತ್ತದವರು ಅವರು. ಈ ಮಾತನ್ನು ಪುತ್ತೂರು, ಸುಳ್ಯ, ಕಡಬ ಕಡೆಯ ಯಾವ ಹೋಟೆಲಿನಲ್ಲಿ ಕೂತರೂ ಆ ವರ್ಷ ಕೇಳಬಹುದಿತ್ತು.

ಎರಡು ತಿಂಗಳ ನಂತರ, ಸೆಪ್ಟೆಂಬರ್ ಕೊನೆಗೆ ಕೇಂದ್ರ ಪಿಎಫ್‌ಐ (ಪಾಪ್ಯುಲರ್ ಫ್ರಂಟ್ ಆಫ್ ಇಂಡಿಯಾ) ಸಂಘಟನೆಯನ್ನು ನಿಷೇಧಿಸಿತು. ನೆಟ್ಟಾರು ಕೊಲೆಯ ಆರೋಪ ಇದ್ದದ್ದು ಅದರ ಕಡೆಯವರ ಮೇಲೆ. ಪಕ್ಷ ಅಲ್ಲಿಗೆ ಲೆಕ್ಕ ಚುಕ್ತಾ ಆಯಿತು ಅಂದುಕೊಂಡಿತೇನೋ. ಅದು ಆಗಿರಲಿಲ್ಲ ಅಂತ ಗೊತ್ತಾಗಲು ಮೇ ತಿಂಗಳು ಬರಬೇಕಾಯಿತು.

ಸಣ್ಣ ವಿಷಯ, ದೊಡ್ಡ ವಿಷಯ

2023ರ ಜನವರಿಯಲ್ಲಿ ಕಟೀಲ್ ಮಂಗಳೂರಿನಲ್ಲಿ ಕಾರ್ಯಕರ್ತರಿಗೆ ಹೇಳಿದ ಒಂದು ಮಾತು ರಾಜ್ಯವೆಲ್ಲ ಸುದ್ದಿಯಾಯಿತು. ರಸ್ತೆ, ಚರಂಡಿಯಂಥ ಸಣ್ಣ ವಿಷಯ ಮಾತಾಡಬೇಡಿ, ಲವ್ ಜಿಹಾದ್ ವಿಷಯ ಮಾತಾಡಿ ಎಂಬ ಅರ್ಥದ ಮಾತು. ಬೇರೆ ಪಕ್ಷದವರು ಅದನ್ನು ಹಿಡಿದುಕೊಂಡು ಚೆನ್ನಾಗಿ ಬಾರಿಸಿದರು. ನನಗೆ ಆ ಮಾತು ಮುಖ್ಯ ಅನಿಸುವುದು ಬೇರೆ ಕಾರಣಕ್ಕೆ. ಕಾರ್ಯಕರ್ತರು ಅದನ್ನು ನಿಜವಾಗಿಯೂ ನಂಬಿದರು.

ಪುತ್ತೂರಿನಲ್ಲಿ ಮಾತಾಡಲು ಸಣ್ಣ ವಿಷಯ ಕಡಿಮೆ ಇರಲಿಲ್ಲ. ಅಡಿಕೆಗೆ ಎಲೆಚುಕ್ಕಿ ರೋಗ ಹಬ್ಬುತ್ತಿತ್ತು. ಸುಳ್ಯದ ಕಡೆ ಹಳದಿ ಎಲೆ ರೋಗಕ್ಕೆ ತೋಟಕ್ಕೆ ತೋಟವೇ ಹೋಗಿತ್ತು. ನೆಟ್ಟಾರು ಕೊಲೆಯ ವರ್ಷವೇ ಕೇಂದ್ರ ಸರ್ಕಾರ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತು ಇಲ್ಲದೆ ತರಿಸಿಕೊಳ್ಳಲು ಒಪ್ಪಿತ್ತು. ಫೆಬ್ರವರಿ 11ಕ್ಕೆ ಅಮಿತ್ ಶಾ ಪುತ್ತೂರಿಗೇ ಬಂದರು, ಕ್ಯಾಂಪ್ಕೊ ಸಂಸ್ಥೆಯ ಸುವರ್ಣ ಮಹೋತ್ಸವಕ್ಕೆ. ಅಡಿಕೆ ಬೆಳೆಗಾರರ ಸಹಕಾರಿ ಅದು, 1973ರದ್ದು. ಆದರೆ ಚುನಾವಣೆ ಹತ್ತಿರ ಬಂದ ಹಾಗೆ ಬೀದಿಯಲ್ಲಿ ಅಡಿಕೆಯ ಮಾತು ಹಿಂದೆ ಸರಿದು, ಯಾರು ನಿಜವಾದ ಹಿಂದುತ್ವವಾದಿ ಅನ್ನುವ ಮಾತು ಮುಂದೆ ಬಂತು. ಇದು ಪಕ್ಷವೇ ಬಿತ್ತಿದ ಬೀಜ. ರಸ್ತೆ, ಚರಂಡಿ ಸಣ್ಣ ವಿಷಯ ಅಂದಮೇಲೆ, ಹಾಲಿ ಶಾಸಕರು ಎಷ್ಟು ಕೋಟಿ ಅನುದಾನ ತಂದರು ಅನ್ನುವ ಫ್ಲೆಕ್ಸಿಗೂ ಬೆಲೆ ಇಲ್ಲ ಅಲ್ವಾ?

ಏಪ್ರಿಲ್ 11ರ ಪಟ್ಟಿ

ಪುತ್ತೂರು ಮಹಾಲಿಂಗೇಶ್ವರ ದೇವರ ಜಾತ್ರೆಗೆ ಕೊಡಿ (ಧ್ವಜ) ಏರುವುದು ಏಪ್ರಿಲ್ 10ಕ್ಕೆ. ಬಿಜೆಪಿಯ ಮೊದಲ ಪಟ್ಟಿ ಬಂದದ್ದು ಮರುದಿನ ರಾತ್ರಿ. 189 ಹೆಸರು, ಅದರಲ್ಲಿ 52 ಹೊಸಬರು. ಗುಜರಾತಿನಲ್ಲಿ ಮಾಡಿದ ಹಾಗೆ ಹಳಬರನ್ನು ಬಿಟ್ಟು ಹೊಸಬರನ್ನು ತಂದು ಆಡಳಿತ ವಿರೋಧಿ ಅಲೆ ತಪ್ಪಿಸಿಕೊಳ್ಳುವ ಲೆಕ್ಕ.

ಪುತ್ತೂರಿನಲ್ಲಿ ಹಾಲಿ ಶಾಸಕ ಮಠಂದೂರಿಗೆ ಟಿಕೆಟ್ ತಪ್ಪಿತು. ಬಂದ ಹೆಸರು ಆಶಾ ತಿಮ್ಮಪ್ಪ. ಜಿಲ್ಲಾ ಪಂಚಾಯತ್ ಅಧ್ಯಕ್ಷೆ ಆಗಿದ್ದವರು. ಅವರ ಮೇಲೆ ಹೇಳುವಂಥ ದೂರು ಯಾರಿಗೂ ಇರಲಿಲ್ಲ, ಇದನ್ನು ಒತ್ತಿ ಹೇಳಬೇಕು. ಆ ಒಂದು ತಿಂಗಳು ಅವರು ಪಟ್ಟ ಪಾಡು ಯಾರಿಗೂ ಬೇಡ. ತಾವು ಮಾಡದ ತಪ್ಪಿಗೆ ಬಿಸಿಲಲ್ಲಿ ಮನೆಮನೆ ತಿರುಗಿ ಬೈಸಿಕೊಂಡರು. ಸಮಸ್ಯೆ ಇದ್ದದ್ದು ಅವರ ಹೆಸರು ಬಂದ ದಾರಿಯಲ್ಲಿ. ಗೌಡ ಸಮುದಾಯದ ಹಾಲಿ ಶಾಸಕರನ್ನು ಬಿಟ್ಟರೆ ಅದೇ ಸಮುದಾಯದವರು ಬೇಕು, ಮಹಿಳೆ ಆದರೆ ಇನ್ನೂ ಒಳ್ಳೆಯದು. ಹೊರಗೆ ನಿಂತು ನೋಡಿದವರಿಗೆ ಕಂಡ ಲೆಕ್ಕ ಅಷ್ಟೆ. ಇದು ತಪ್ಪು ಲೆಕ್ಕ ಅಂತ ನಾನು ಹೇಳುವುದಿಲ್ಲ. ಎಲ್ಲ ಪಕ್ಷಗಳೂ ಹೀಗೇ ಲೆಕ್ಕ ಹಾಕುತ್ತವೆ. ಆದರೆ ವರ್ಷವಿಡೀ ಜಾತಿ ಮರೆತು ಹಿಂದೂ ಎಂದು ಒಂದಾಗಿ ಅಂತ ಹೇಳಿ, ಟಿಕೆಟ್ ದಿನ ಮಾತ್ರ ಜಾತಿಯ ತಕ್ಕಡಿ ತೆಗೆದರೆ ಹುಡುಗರು ಏನಂದುಕೊಳ್ಳಬೇಕು?

ಇನ್ನೊಂದು ತಮಾಷೆ. ಮಾರ್ಚ್ ಕೊನೆಗೆ ಬಿಜೆಪಿ ರಾಜ್ಯದಾದ್ಯಂತ ತನ್ನ ಪದಾಧಿಕಾರಿಗಳಿಂದ ಒಳ ಮತದಾನ ಮಾಡಿಸಿತ್ತು. ನಿಮ್ಮ ಕ್ಷೇತ್ರಕ್ಕೆ ಯಾರು ಬೇಕು, ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕಿ ಅಂತ. ಕೇಳದೇ ಇದ್ದರೆ ಬೇಸರ ಒಂದು ಥರ. ಕೇಳಿ, ಚೀಟಿ ಬರೆಸಿ, ಆಮೇಲೆ ಯಾರೂ ನಿರೀಕ್ಷಿಸದ ಹೆಸರು ಕೊಟ್ಟರೆ ಬೇಸರ ಇಮ್ಮಡಿ.

ಪುತ್ತಿಲ ಟಿಕೆಟ್ ಕೇಳಿದ್ದರು. ಹಿಂದೂ ಸಂಘಟನೆಗಳಲ್ಲಿ ಬಹಳ ವರ್ಷದಿಂದ ಬೀದಿಯಲ್ಲಿದ್ದವರು. ಟಿಕೆಟ್ ಸಿಗಲಿಲ್ಲ, ಪಕ್ಷೇತರರಾಗಿ ನಿಂತರು. ಹಿಂದೆ ಸರಿಯಿರಿ ಅಂತ ಹಿರಿಯರು ಹೇಳಿದರೂ ಕೇಳಲಿಲ್ಲ. ಪ್ರಚಾರದ ಕೊನೆ ವಾರ ಬಿಜೆಪಿಯವರು ಯೋಗಿ ಆದಿತ್ಯನಾಥರನ್ನೇ ಪುತ್ತೂರಿಗೆ ಕರೆಸಿ ರೋಡ್ ಶೋ ಮಾಡಿಸಿದರು. ಜನ ಸೇರಿದರು, ಜೈ ಅಂದರು, ಆಮೇಲೆ ಅರ್ಧ ಜನ ಪುತ್ತಿಲರ ಮೆರವಣಿಗೆಗೆ ಹೋದರು. ನನಗೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ಬೇರೆ ಇಲ್ಲ. ಯೋಗಿ ಬೇಕು, ಮೋದಿ ಬೇಕು, ಇಲ್ಲಿ ಟಿಕೆಟ್ ಹಂಚಿದವರು ಮಾತ್ರ ಬೇಡ.

ಹಾಂ, ಮರೆತಿದ್ದೆ. ಇದೇ ಕಣದಲ್ಲಿ ನೆಟ್ಟಾರು ಕೊಲೆ ಪ್ರಕರಣದ ಒಬ್ಬ ಆರೋಪಿ ಜೈಲಿನಲ್ಲಿದ್ದುಕೊಂಡೇ ಎಸ್‌ಡಿಪಿಐ (ಪಿಎಫ್‌ಐ ನಂಟಿನದ್ದು ಎನ್ನಲಾಗುವ ಪಕ್ಷ) ಅಭ್ಯರ್ಥಿ. ಅವರಿಗೆ 3 ಸಾವಿರ ವೋಟೂ ಬರಲಿಲ್ಲ. ಆದರೆ ಆ ಹೆಸರು ಮತಯಂತ್ರದ ಮೇಲೆ ಇದೆ ಅನ್ನುವುದೇ ಗಾಯಕ್ಕೆ ಉಪ್ಪು ಹಾಕಿದ ಹಾಗಾಗಿತ್ತು.

ಒಂದೇ ಮನೆ

ಪುತ್ತೂರು ಪೇಟೆಯಿಂದ ಸ್ವಲ್ಪ ದೂರ ನನ್ನ ಸೋದರ ಮಾವನ ಮನೆ. ಎರಡೂವರೆ ಎಕರೆ ಅಡಿಕೆ, ನಡುವೆ ಕಾಳುಮೆಣಸು. ಮಾವ ಜನಸಂಘದ ಕಾಲದವರು, ದೀಪಕ್ಕೆ ವೋಟು ಹಾಕಿದವರು. ಅವರ ಮಗ ಟಿಕೆಟ್ ಬಂದ ಮರುದಿನವೇ ಬೈಕಿನ ಮೇಲಿದ್ದ ಕಮಲದ ಸ್ಟಿಕ್ಕರ್ ಕೆರೆದು ತೆಗೆದ. ಕೇಸರಿ ಬಾವುಟ ಹಾಗೇ ಇಟ್ಟುಕೊಂಡ.

ಮತದಾನ ಮೇ 10ಕ್ಕೆ. ಅದಕ್ಕೆ ಎರಡು ದಿನ ಮೊದಲು ಫೋನ್ ಮಾಡಿದಾಗ ಮಾವ ಹೇಳಿದ್ದು ಈಗಲೂ ನೆನಪಿದೆ. "ಎಂತ ಮಾಡುದು ಮಾರಾಯ, ಇವ ಹೇಳುದು ತಪ್ಪಲ್ಲ. ಆದ್ರೆ ಹೂವು ಬಿಟ್ಟು ಬೇರೆ ಒತ್ಲಿಕ್ಕೆ ನಂಗೆ ಕೈ ಬರುದಿಲ್ಲ." ಮಗ ಹಿಂದಿನಿಂದ ಕೂಗಿದ, "ಅಪ್ಪ ಹಾಕುದು ಕಾಂಗ್ರೆಸ್ಸಿಗೇ, ಅವರಿಗೆ ಗೊತ್ತಿಲ್ಲ ಅಷ್ಟೆ!" ಮಾವ ತಿರುಗಿ ಅಂದರು, "ನೀನು ಹಾಕುದೂ ಅಲ್ಲಿಗೇ ಹೋಗುದು."

ಇಬ್ಬರೂ ಹೇಳಿದ್ದು ನಿಜವಾಯಿತು.

ಈ ಇಕ್ಕಟ್ಟನ್ನು ಸ್ವಲ್ಪ ಬಿಡಿಸಿ ನೋಡಬೇಕು. ಒಂದು ಲಕ್ಷ ಜನಕ್ಕೆ ಕಾಂಗ್ರೆಸ್ ಬೇಡ. ಅವರಲ್ಲಿ ಎಲ್ಲರೂ ಪುತ್ತಿಲರ ಕಡೆ ಹೋಗಿದ್ದರೆ ಪುತ್ತಿಲ ಆರಾಮವಾಗಿ ಗೆಲ್ಲುತ್ತಿದ್ದರು. ಎಲ್ಲರೂ ಕಮಲದ ಕಡೆ ನಿಂತಿದ್ದರೆ ಆಶಾ ತಿಮ್ಮಪ್ಪ ಗೆಲ್ಲುತ್ತಿದ್ದರು. ಆದರೆ ಉಳಿದವರು ಯಾವ ಕಡೆ ಹೋಗುತ್ತಾರೆ ಅಂತ ಯಾರಿಗೂ ಗೊತ್ತಿಲ್ಲ. ಹಾಗಾಗಿ ಪ್ರತಿ ಮನೆಯಲ್ಲೂ ಇದೇ ವಾದ. ನಿನ್ನ ವೋಟು ವ್ಯರ್ಥ, ಅಲ್ಲ ನಿನ್ನದು ವ್ಯರ್ಥ. ಪುತ್ತಿಲ ಸೋತದ್ದು 4,149 ವೋಟಿಗೆ. ಕಮಲ ಒತ್ತಿದ 37,558 ಜನರಲ್ಲಿ ಒಂಬತ್ತಕ್ಕೆ ಒಬ್ಬರು ಪುತ್ತಿಲರಿಗೆ ಒತ್ತಿದ್ದರೆ ಸಾಕಿತ್ತು.

ಆ 37,558 ಜನರ ಬಗ್ಗೆ ಯಾರೂ ಬರೆಯುವುದಿಲ್ಲ. ಬಂಡಾಯ ಎದ್ದವರ ಬಗ್ಗೆ ಬರೆಯುವುದು ಸುಲಭ, ಅದರಲ್ಲಿ ಕಥೆ ಇದೆ. ಇಷ್ಟ ಇಲ್ಲದಿದ್ದರೂ ಹೂವೇ ಒತ್ತಿದವರದ್ದು ಏನು? ಮಾವನಂಥವರಿಗೆ ಪಕ್ಷ ಅಂದರೆ ಅಭ್ಯರ್ಥಿ ಅಲ್ಲ. ಕುಟುಂಬದ ದೈವದ ಹಾಗೆ. ಆ ವರ್ಷದ ನೇಮ (ದೈವದ ಉತ್ಸವ) ಯಾರು ನಡೆಸಿದರು, ಚೆನ್ನಾಗಿ ನಡೆಸಿದರೋ ಇಲ್ಲವೋ ಅನ್ನುವುದು ಬೇರೆ ಪ್ರಶ್ನೆ, ಅದಕ್ಕಾಗಿ ದೈವವನ್ನು ಬಿಡುತ್ತಾರಾ? ಪಕ್ಷಗಳು ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಇಂಥವರ ಮೌನವನ್ನು ಒಪ್ಪಿಗೆ ಅಂತ ಓದುತ್ತವೆ.

ಅತ್ತೆ ಯಾರಿಗೆ ಹಾಕಿದರು ಅಂತ ಕೇಳಿದರೆ, "ಗುಟ್ಟಿನ ಮತದಾನ ಅಂತ ಹೇಳ್ತಾರಲ್ಲ" ಅಂತ ನಗುತ್ತಾರೆ. ಇವತ್ತಿಗೂ ಹೇಳಿಲ್ಲ.

ಪಕ್ಕದಲ್ಲಿ ಯಾಕೆ ಹೀಗಾಗಲಿಲ್ಲ

ಸುಳ್ಯದಲ್ಲೂ ಬಿಜೆಪಿ ಹಾಲಿ ಶಾಸಕರನ್ನು ಬಿಟ್ಟಿತು. ಅದೂ ಎಂಥವರನ್ನು, ಆರು ಸಲ ಗೆದ್ದ ಎಸ್. ಅಂಗಾರ ಅವರನ್ನು. ಅವರು ರಾಜಕೀಯವೇ ಬೇಡ ಅಂದರು, ಆಮೇಲೆ ಸಮಾಧಾನ ಮಾಡಿಕೊಂಡು ಪ್ರಚಾರಕ್ಕೂ ಬಂದರು. ಹೊಸ ಮುಖ ಭಾಗೀರಥಿ ಮುರುಳ್ಯ ಸುಮಾರು 30 ಸಾವಿರದ ಅಂತರದಲ್ಲಿ ಗೆದ್ದರು. ನೆಟ್ಟಾರು ಕೊಲೆಯಾದ ತಾಲೂಕೇ ಅದು! ಉಡುಪಿಯಲ್ಲಿ ರಘುಪತಿ ಭಟ್ಟರಿಗೆ ಟಿಕೆಟ್ ತಪ್ಪಿತು, ಕಣ್ಣೀರು ಬಂತು, ಸೀಟು ಮಾತ್ರ ಹೋಗಲಿಲ್ಲ. ದಕ್ಷಿಣ ಕನ್ನಡದ ಎಂಟರಲ್ಲಿ ಆರು ಬಿಜೆಪಿಗೇ ಬಂತು.

ಹಾಗಾದರೆ ಸಿಟ್ಟು ಒಂದೇ ಸಾಲದು. ಸಿಟ್ಟು ಹೋಗಿ ಕೂರಲು ಒಂದು ಜಗಲಿ ಬೇಕು. ಸುಳ್ಯದಲ್ಲಿ ಅದು ಸಿಗಲಿಲ್ಲ, ಪುತ್ತೂರಿನಲ್ಲಿ ಸಿಕ್ಕಿತು.

ಬಂಡಾಯ ಎದ್ದವರೆಲ್ಲ ಪುತ್ತಿಲ ಆಗುವುದೂ ಇಲ್ಲ. ಅದೇ ಚುನಾವಣೆಯಲ್ಲಿ ಮಾಜಿ ಮುಖ್ಯಮಂತ್ರಿ ಜಗದೀಶ್ ಶೆಟ್ಟರ್ ಟಿಕೆಟ್ ತಪ್ಪಿದ್ದಕ್ಕೆ ಕಾಂಗ್ರೆಸ್ಸಿಗೆ ಹೋಗಿ ಹುಬ್ಬಳ್ಳಿ-ಧಾರವಾಡ ಸೆಂಟ್ರಲ್‌ನಲ್ಲಿ ನಿಂತು ದೊಡ್ಡ ಅಂತರದಲ್ಲಿ ಸೋತರು. ಅವರ ಜೊತೆ ಇದ್ದ ಮತದಾರರು ಅವರ ಜೊತೆ ದಾಟಲಿಲ್ಲ. ಅಥಣಿಯಲ್ಲಿ ಲಕ್ಷ್ಮಣ ಸವದಿ ಹಾಗೇ ಹೋಗಿ ಗೆದ್ದರು, ಆದರೆ ಅಲ್ಲಿ ಊರಿನ ನಾಯಕ ಅನ್ನುವ ಲೆಕ್ಕವೇ ಬೇರೆ. ಇನ್ನು 2024ರ ಲೋಕಸಭೆಗೆ ಶಿವಮೊಗ್ಗದಲ್ಲಿ ಈಶ್ವರಪ್ಪ ಪಕ್ಷೇತರರಾಗಿ ನಿಂತರು. ಮೋದಿ ಫೋಟೋ ಇಟ್ಟುಕೊಂಡೇ ಪ್ರಚಾರ ಮಾಡಿದರು, ಹಿಂದುತ್ವದ ಮಾತೇ ಆಡಿದರು. ಬಂದದ್ದು ಸುಮಾರು 30 ಸಾವಿರ, ಅದೂ ಎಂಟು ವಿಧಾನಸಭಾ ಕ್ಷೇತ್ರ ಸೇರಿ. ಪುತ್ತಿಲರಿಗೆ ಒಂದೇ ಕ್ಷೇತ್ರದಲ್ಲಿ ಅದರ ಎರಡು ಪಟ್ಟು ಬಂದಿತ್ತು.

ವ್ಯತ್ಯಾಸ ನನಗೆ ಕಾಣುವುದು ಹೀಗೆ. ಈಶ್ವರಪ್ಪನವರ ಸಿಟ್ಟು ಮಗನಿಗೆ ಹಾವೇರಿ ಟಿಕೆಟ್ ಸಿಗಲಿಲ್ಲ ಅನ್ನುವುದು. ಅದು ಅವರ ಮನೆಯ ಸಿಟ್ಟು. ಪುತ್ತಿಲರದ್ದೂ ಸ್ವಂತ ಟಿಕೆಟಿನ ಸಿಟ್ಟೇ, ಅದರಲ್ಲಿ ಅನುಮಾನ ಇಲ್ಲ, ಆದರೆ ಬೆಳ್ಳಾರೆಯಿಂದ ಶುರುವಾಗಿ ಒಂಬತ್ತು ತಿಂಗಳು ಊರಿನಲ್ಲಿ ಕುದಿಯುತ್ತಿದ್ದ ಸಿಟ್ಟು ಅದರ ಒಳಗೆ ಬಂದು ಸೇರಿಕೊಂಡಿತು.

ಪುತ್ತೂರಿಗೆ ಇದು ಹೊಸದೂ ಅಲ್ಲ. 2004ರಲ್ಲಿ ಬಿಜೆಪಿಯಿಂದ ಗೆದ್ದಿದ್ದ ಶಕುಂತಳಾ ಶೆಟ್ಟಿ ಅವರಿಗೆ 2008ರಲ್ಲಿ ಟಿಕೆಟ್ ತಪ್ಪಿತು. ಅವರೂ ಪಕ್ಷೇತರರಾಗಿ ನಿಂತರು. ಆ ಸಲ ಬಿಜೆಪಿಯ ಮಲ್ಲಿಕಾ ಪ್ರಸಾದ್ ಹೇಗೋ ದಡ ಸೇರಿದರು. 2013ಕ್ಕೆ ಶಕುಂತಳಾ ಶೆಟ್ಟಿ ಕಾಂಗ್ರೆಸ್ಸಿನಿಂದ ನಿಂತು ಮಠಂದೂರನ್ನೇ ಸೋಲಿಸಿದರು. 2023ರಲ್ಲಿ ಗೆದ್ದ ಅಶೋಕ್ ರೈ ಕೂಡ ಮೊದಲು ಬಿಜೆಪಿಯಲ್ಲಿದ್ದವರೇ. ಅಂದರೆ ಎರಡು ದಶಕದಲ್ಲಿ ಪುತ್ತೂರಿನಲ್ಲಿ ಕಾಂಗ್ರೆಸ್ ಗೆದ್ದ ಎರಡೂ ಸಲ ಅಭ್ಯರ್ಥಿಯನ್ನು ಬೆಳೆಸಿ ಕೊಟ್ಟದ್ದು ಬಿಜೆಪಿ. ಕಾಂಗ್ರೆಸ್ಸಿನವರು ಇದಕ್ಕೆ ಬೇಸರ ಮಾಡಿಕೊಳ್ಳಬಾರದು, ಲೆಕ್ಕ ಹಾಗಿದೆ.

ಆಮೇಲೆ

ಫಲಿತಾಂಶ ಬಂದ ಒಂದೆರಡು ದಿನಕ್ಕೆ ಪುತ್ತೂರಿನಲ್ಲಿ ಒಂದು ಬ್ಯಾನರ್ ಕಾಣಿಸಿತು. ಕಟೀಲ್ ಮತ್ತು ಸದಾನಂದ ಗೌಡರ ಫೋಟೋ, ಅದಕ್ಕೆ ಚಪ್ಪಲಿ ಹಾರ. ಪೊಲೀಸರು ಕೆಲವು ಹುಡುಗರನ್ನು ಹಿಡಿದರು. ಅವರಿಗೆ ಹೊಡೆದರು ಎಂಬ ಆರೋಪ ಬಂದು ದೊಡ್ಡ ಗಲಾಟೆ ಆಯಿತು. ವಿಜಯಪುರದಿಂದ ಆಗ ಬಿಜೆಪಿ ಶಾಸಕರಾಗಿದ್ದ ಯತ್ನಾಳ್ ಬಂದು ಅವರನ್ನು ಆಸ್ಪತ್ರೆಯಲ್ಲಿ ನೋಡಿದರು. ಇದು ಯಾವ ಸರ್ಕಾರದ ಪೊಲೀಸರು, ಯಾರ ದೂರು ಅನ್ನುವ ವಾದ ಸುಮಾರು ದಿನ ನಡೆಯಿತು. ನನಗೆ ಆ ಹಾರ ಸರಿ ಅನಿಸಲಿಲ್ಲ. ಆದರೆ ಒಂದು ಪಕ್ಷದ ರಾಜ್ಯಾಧ್ಯಕ್ಷರಿಗೆ ಅವರ ಸ್ವಂತ ಕ್ಷೇತ್ರದಲ್ಲಿ ಅವರದ್ದೇ ಕಡೆಯವರು ಹೀಗೆ ಮಾಡಿದ್ದು ಬೇರೆಲ್ಲಾದರೂ ಕಂಡಿದ್ದೀರಾ?

ಪುತ್ತಿಲರ ಬೆಂಬಲಿಗರು ಪುತ್ತಿಲ ಪರಿವಾರ ಅಂತ ಕಟ್ಟಿಕೊಂಡರು, ಪಂಚಾಯತ್ ಉಪಚುನಾವಣೆಗೂ ಇಳಿದರು. ಪಕ್ಷಕ್ಕೆ ವಾಪಸ್ ಬರುವ ಮಾತು ತಿಂಗಳುಗಟ್ಟಲೆ ಎಳೆಯಿತು. ಯಾವ ಜವಾಬ್ದಾರಿ ಕೊಡುತ್ತೀರಿ ಅಂತ ಇವರು, ಮೊದಲು ಬನ್ನಿ ಅಂತ ಅವರು. ಲೋಕಸಭೆ ಹತ್ತಿರ ಬಂದಾಗ ಪುತ್ತಿಲ ಮತ್ತೆ ನಿಲ್ಲುತ್ತಾರಂತೆ ಅನ್ನುವ ಸುದ್ದಿ ಹಬ್ಬಿತು. 2024ರ ಮಾರ್ಚಿನಲ್ಲಿ ಎರಡು ಕೆಲಸ ಒಟ್ಟಿಗೆ ಆದವು. ಮೂರು ಸಲ ಗೆದ್ದಿದ್ದ ಕಟೀಲರನ್ನು ಬಿಟ್ಟು ಕ್ಯಾಪ್ಟನ್ ಬ್ರಿಜೇಶ್ ಚೌಟರಿಗೆ ಟಿಕೆಟ್ ಕೊಟ್ಟರು. ಪುತ್ತಿಲ ಬಿಜೆಪಿಗೆ ಬಂದರು.

ಚೌಟ 1,49,208 ವೋಟಿನ ಅಂತರದಲ್ಲಿ ಗೆದ್ದರು. 2019ರಲ್ಲಿ ಕಟೀಲರ ಅಂತರ 2,74,621 ಇತ್ತು, ಅಂದರೆ ಹತ್ತಿರ ಹತ್ತಿರ ಅರ್ಧಕ್ಕೆ ಬಂತು. ನೋಟಾಕ್ಕೆ 23 ಸಾವಿರಕ್ಕೂ ಜಾಸ್ತಿ ಬಿತ್ತು. ಅದಕ್ಕೆ ಮುಖ್ಯ ಕಾರಣ ಸೌಜನ್ಯ ಪ್ರಕರಣದಲ್ಲಿ ನ್ಯಾಯ ಕೇಳುತ್ತಿದ್ದ ಹೋರಾಟದವರ ಕರೆ. ಅದು ಬೇರೆಯೇ ಕಥೆ, ಇಲ್ಲಿ ತಂದು ಬೆರೆಸುವುದಿಲ್ಲ.

ಮಾವನ ಮಗನ ಬೈಕಿಗೆ ಕಮಲದ ಸ್ಟಿಕ್ಕರ್ ವಾಪಸ್ ಬರಲಿಲ್ಲ. ಲೋಕಸಭೆಗೆ ಹೂವಿಗೇ ಒತ್ತಿದೆ ಅಂದ. ಮತ್ತೆ ಸ್ಟಿಕ್ಕರ್ ಅಂತ ಕೇಳಿದೆ. "2028ರ ಟಿಕೆಟ್ ಯಾರಿಗೆ ಕೊಡ್ತಾರೆ ಅಂತ ನೋಡಿ ಅಂಟಿಸ್ತೇನೆ ಭಾವ, ಕೆರೆದು ಕೆರೆದು ಪೈಂಟ್ ಹೋಗ್ತದೆ" ಅಂದ.